ಮಾಸ್ತರರ ಬಾಯಿಪಾಠ

ದನದ ಡಾಕ್ಟರಾಗಿ ಬಹಳ ವರ್ಷ ದುಡಿದವಳಿಗೆ ಒಂದು ವಿಚಿತ್ರ ತೊಂದರೆ ಅಂಟಿಕೊಳ್ಳುತ್ತದೆ. ಎಮ್ಮೆಯ ಗುರುತು ಸಿಗುತ್ತದೆ, ಎಮ್ಮೆಯ ಮಾಲೀಕರ ಗುರುತು ಸಿಗುವುದಿಲ್ಲ. ಬೀದರಿನ ತರಕಾರಿ ಮಾರುಕಟ್ಟೆಯಲ್ಲಿ ಯಾರೋ ಎದುರಿಗೆ ಬಂದು, ಕೈಚೀಲ ಕೆಳಗಿಟ್ಟು, ಅಗಲವಾಗಿ ನಕ್ಕು, ‘ಗುರ್ತ ಹತ್ತಿತೇನ್ರಿ ಡಾಕ್ಟರಬಾಯಿ? ನಾ ಯಾರು ಹೇಳ್ರಿ ನೋಡಮ’ ಎಂದು ನನ್ನನ್ನು ಪರೀಕ್ಷೆಗೆ ನಿಲ್ಲಿಸುತ್ತಾರೆ. ನಾನೂ ಅಷ್ಟೇ ಅಗಲವಾಗಿ ನಕ್ಕು, ಮನೆಕಡೆ ಎಲ್ಲರೂ ಆರಾಮವೇ ಎಂದು ಕೇಳುತ್ತೇನೆ. ಆ ‘ಎಲ್ಲರೂ’ ಎನ್ನುವುದರಲ್ಲಿ ಮನುಷ್ಯರೂ ಬಂದರು, ದನಗಳೂ ಬಂದವು. ಮಾತು ಮುಂದುವರಿದು ಅವರು ತಮ್ಮ ಎಮ್ಮೆ ಕರು ಹಾಕಲಾರದೆ ಒದ್ದಾಡಿದ ಸುದ್ದಿ ತೆಗೆದರೆ ನಾನು ಪಾರಾದೆ. ಎಡಗೋಡು ಕೆಳಕ್ಕೆ ಬಾಗಿದ, ಬಾಲದ ತುದಿಯಲ್ಲಿ ಬಿಳಿ ಕೂದಲಿದ್ದ ಆ ಎಮ್ಮೆ ತಕ್ಷಣ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅದನ್ನು ವರ್ಣಿಸಿದಾಗ ಅವರ ಮುಖದಲ್ಲಿ ಅರ್ಧ ಸಂತೋಷ, ಅರ್ಧ ಬೇಸರ. ತಮಗಿಂತ ತಮ್ಮ ಎಮ್ಮೆಯೇ ಡಾಕ್ಟರಿಗೆ ಹತ್ತಿರದ್ದು ಎಂದು ಗೊತ್ತಾದರೆ ಯಾರಿಗೆ ತಾನೆ ಹಿತವಾದೀತು?

ಇಂಥ ನನ್ನ ಹೆಸರು ಸುಮೇಧಾ. ಒಳ್ಳೆಯ ಬುದ್ಧಿಯವಳು, ಓದಿದ್ದನ್ನು ನೆನಪಿಡುವವಳು ಎಂದು ಅದರ ಅರ್ಥ. ಇದು ಅಪ್ಪ ಅವ್ವ ಇಟ್ಟ ಹೆಸರಲ್ಲ. ನಾನು ನಾಲ್ಕನೆಯ ಹೆಣ್ಣಾಗಿ ಹುಟ್ಟಿದ್ದಕ್ಕೆ ಇನ್ನು ಸಾಕು ಎಂದು ಮನೆಯಲ್ಲಿ ಸಾಕವ್ವ ಎಂದು ಕರೆದಿದ್ದರು. ಭಾಲ್ಕಿಯ ಶಾಲೆಗೆ ನನ್ನನ್ನು ಸೇರಿಸಲು ಕರೆದುಕೊಂಡು ಹೋದವಳು ಅಜ್ಜಿ. ಅಲ್ಲಿದ್ದ ವೀರಶೆಟ್ಟಿ ಮಾಸ್ತರರು ಹೆಸರು ಕೇಳಿದರು, ಅಜ್ಜಿ ಹೇಳಿದಳು. ಅವರು ಬರೆಯಲಿಲ್ಲವಂತೆ. ಪೆನ್ನಿಗೆ ಟೊಪ್ಪಿಗೆ ಹಾಕಿ ಪಕ್ಕಕ್ಕಿಟ್ಟು, ‘ಕೂಸು ಈಗ ಸಾಲಿಗಿ ಬಂದದರಿ. ಇನ್ನ ಶುರುನೇ ಆಗಿಲ್ಲ, ಸಾಕು ಅಂದ್ರ ಹ್ಯಾಂಗ?’ ಎಂದರಂತೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿರುವುದು ಅವರಿಗೆ ಗೊತ್ತಿತ್ತು. ಬುದ್ಧನ ಕತೆಗಳಲ್ಲಿ ಬರುವ ಹೆಸರು, ನಿಮ್ಮ ಮನೆಗೆ ಒಪ್ಪುತ್ತದೆ ಎಂದು ಹೇಳಿ ಸುಮೇಧಾ ಎಂದು ಬರೆದುಕೊಂಡರು. ಅಜ್ಜಿಯ ಬಾಯಲ್ಲಿ ಅದು ಕೊನೆಯವರೆಗೂ ‘ಸುಮ್ಯಾದಾ’ ಆಗಿಯೇ ಉಳಿಯಿತು. ಆದರೆ ಮಾಸ್ತರರು ಪೆನ್ನು ಮುಚ್ಚಿಟ್ಟ ಕತೆಯನ್ನು ಅವಳು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು.

ನೆನಪಿನಲ್ಲಿ ಬಡವಳಾದ ನನಗೆ ಆ ಸಿರಿ ಇದ್ದವರನ್ನು ಕಂಡರೆ ಯಾವಾಗಲೂ ಬೆರಗು, ಜೊತೆಗೊಂದಿಷ್ಟು ಅನುಮಾನ. ಅವಧಾನಿಗಳು ಎಲ್ಲ ದಿಕ್ಕಿನಿಂದ ಬರುವ ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು, ನಡುನಡುವೆ ಬಾರಿಸುವ ಗಂಟೆಯ ಲೆಕ್ಕವನ್ನೂ ತಪ್ಪಿಸದೆ ಪದ್ಯ ಮುಗಿಸುತ್ತಾರೆಂದು ಕೇಳಿದ್ದೆ. ನಮ್ಮ ಓಣಿಯ ಹುಡುಗನೊಬ್ಬ ಧರ್ಮಗ್ರಂಥವನ್ನು ಪೂರ್ತಿ ಬಾಯಿಪಾಠ ಮಾಡಿ ಹಾಫಿಜ್ ಆದಾಗ ಅವರ ಮನೆಯಿಂದ ಬಂದ ಸಿಹಿಯನ್ನು ಭಕ್ತಿಯಿಂದ ತಿಂದಿದ್ದೆ. ನಾವು ಓದುವಾಗ ಕಾಲೇಜಿಗೆ ಒಬ್ಬ ನೆನಪಿನ ಪ್ರದರ್ಶನದವರು ಬಂದಿದ್ದರು. ಸಭೆಯವರು ಕೂಗಿ ಹೇಳಿದ ವಸ್ತುಗಳನ್ನೆಲ್ಲ ಒಮ್ಮೆ ಕೇಳಿ, ಮೊದಲಿನಿಂದಲೂ ಕೊನೆಯಿಂದಲೂ ಒಪ್ಪಿಸಿಬಿಟ್ಟರು. ಆಮೇಲೆ ಚಹಾ ಕುಡಿಯುವಾಗ ನಾನು ಬಿಡದೆ ಕೇಳಿದ್ದಕ್ಕೆ ಗುಟ್ಟು ಹೇಳಿದರು. ಅದರಲ್ಲಿ ದೈವದತ್ತವಾದದ್ದು ಏನೂ ಇಲ್ಲವಂತೆ. ಗೊತ್ತಿದ್ದ ಒಂದು ದಾರಿಯನ್ನು ಮನಸ್ಸಿನಲ್ಲಿ ನಡೆಯುತ್ತ, ಒಂದೊಂದು ವಸ್ತುವನ್ನು ಒಂದೊಂದು ಕಡೆ ಇಟ್ಟು ಬರಬೇಕು. ಬೇಕಾದಾಗ ಅದೇ ದಾರಿಯಲ್ಲಿ ಹೋಗಿ ಎತ್ತಿಕೊಂಡರಾಯಿತು.

ನಾನೂ ಪ್ರಯತ್ನಿಸಿದೆ. ಬೀದರಿನ ಚೌಬಾರಾ ಗೋಪುರದ ಮೇಲೆ ಬದನೆಕಾಯಿ ಕೂರಿಸಿದೆ, ಮುಂದಿನ ಅಂಗಡಿಯ ಬಾಗಿಲಿಗೆ ಹೀರೇಕಾಯಿ ಕಟ್ಟಿದೆ, ಹಳೆಯ ಮದರಸಾದ ಮಿನಾರಿಗೆ ಕೊತ್ತಂಬರಿ ಸಿಕ್ಕಿಸಿದೆ. ಮಾರುಕಟ್ಟೆಗೆ ಹೋದಾಗ ಚೌಬಾರಾ ನೆನಪಿತ್ತು, ಮಿನಾರೂ ನೆನಪಿತ್ತು. ಅವುಗಳ ಮೇಲೆ ಕೂತದ್ದೇನು ಎಂಬುದು ಮಾತ್ರ ಹಾರಿಹೋಗಿತ್ತು. ಊರಿನ ಸ್ಮಾರಕಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಮನೆಗೆ ಬಂದೆ. ಅಂದಿನಿಂದ ನನಗೊಂದು ಅಭಿಪ್ರಾಯ ಗಟ್ಟಿಯಾಯಿತು. ನೆನಪಿನ ಸಾಹಸಗಳ ಹಿಂದೆ ಎಲ್ಲೋ ಒಂದು ಉಪಾಯ ಇದ್ದೇ ಇರುತ್ತದೆ, ಉಪಾಯ ಗೊತ್ತಾದ ಮೇಲೆ ಅದು ಖರೇ ನೆನಪಲ್ಲ, ಕೈಚಳಕ.

ಈಗ್ಗೆ ಕೆಲವು ತಿಂಗಳ ಹಿಂದೆ ಭಾಲ್ಕಿಯಿಂದ ಬಾಬುರಾವ ಫೋನು ಮಾಡಿದ. ಶಾಲೆಯಲ್ಲಿ ನನ್ನ ಜೊತೆ ಓದಿದವನು, ಈಗ ಅಲ್ಲಿಯೇ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಮ್ಮ ತರಗತಿಯವರೆಲ್ಲ ಸೇರಿ ವೀರಶೆಟ್ಟಿ ಮಾಸ್ತರರಿಗೆ ಗುರುವಂದನೆ ಮಾಡುವುದಿದೆ, ಎಮ್ಮೆ ಈಯುವುದಿದೆ ಎಂದು ನೆಪ ಹೇಳಬೇಡ ಎಂದ. ಮಾಸ್ತರರಿಗೆ ಎಂಬತ್ತು ದಾಟಿದೆ, ಔರಾದಿನಲ್ಲಿ ಮಗಳು ಮಹಾದೇವಿಯ ಮನೆಯಲ್ಲಿದ್ದಾರೆ ಎಂದೂ ಹೇಳಿದ. ಗೊತ್ತುಮಾಡಿದ ಭಾನುವಾರ ನಾನು ರೈಲು ಹತ್ತಿ ಭಾಲ್ಕಿಗೆ ಹೋದೆ.

ಸಭಾಭವನದಲ್ಲಿ ನಮ್ಮ ತರಗತಿ ಸೇರಿತ್ತು. ಬೋಳುತಲೆಗಳು, ಬಣ್ಣ ಹಚ್ಚಿದ ತಲೆಗಳು, ಮೊಮ್ಮಕ್ಕಳನ್ನು ಎತ್ತಿಕೊಂಡು ಬಂದವರು. ಮಾಸ್ತರರು ಬಿಳಿ ಧೋತರ ಉಟ್ಟು, ಮಗಳ ಕೈ ಹಿಡಿದು ವೇದಿಕೆ ಹತ್ತಿದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಇನ್ನು ಅವರು ಆಶೀರ್ವಾದದ ಎರಡು ಮಾತು ಆಡಿ ಕೂರುತ್ತಾರೆ ಎಂದುಕೊಂಡಿದ್ದೆವು. ಅವರು ಎದ್ದು ನಿಂತು, ಮೇಜಿನ ಅಂಚು ಹಿಡಿದುಕೊಂಡು ಹೇಳಿದ್ದು ಬೇರೆಯೇ.

‘ಹಾಜರಿ ತೊಗೊಳ್ಳೋದದ. ಎಲ್ಲರೂ ಸುಮ್ಮ ಕುಂದರ್ರಿ.’

ನಾವು ನಕ್ಕೆವು. ಅವರು ನಗಲಿಲ್ಲ. ಕೈಯಲ್ಲಿ ಕಾಗದವಿರಲಿಲ್ಲ. ಹಳೆಯ ಅದೇ ರಾಗದಲ್ಲಿ, ಪ್ರತಿ ಹೆಸರಿನ ಕೊನೆಯನ್ನು ಸ್ವಲ್ಪ ಎಳೆದು, ನಮ್ಮ ಏಳನೆಯ ತರಗತಿಯ ಹಾಜರಿ ಕೂಗಲು ಶುರುಮಾಡಿದರು. ಮೊದಲ ಹೆಸರಿಗೆ ಯಾರೂ ಉತ್ತರ ಕೊಡಲಿಲ್ಲ. ಆ ಹೆಸರಿನವನಿಗೇ ನಂಬಿಕೆ ಬರದೆ ಪಕ್ಕದವನ ಮುಖ ನೋಡುತ್ತಿದ್ದ. ಮಾಸ್ತರರು ಮತ್ತೊಮ್ಮೆ ಕೂಗಿದಾಗ ತಟ್ಟನೆ ಎದ್ದು ‘ಹಾಜರ್ ಸರ್’ ಎಂದ. ಆಮೇಲೆ ತಡವಾಗಲಿಲ್ಲ. ಒಬ್ಬೊಬ್ಬರಾಗಿ ಎದ್ದು, ಮಂಡಿ ನೋವಿನವರು ಕುರ್ಚಿ ಹಿಡಿದು ಎದ್ದು, ಹಾಜರಿ ಕೊಟ್ಟರು. ನಡುವೆ ಧನರಾಜನ ಹೆಸರು ಬಂತು. ಅವನು ತೀರಿಹೋಗಿ ಬಹಳ ಕಾಲವಾಗಿತ್ತು. ತಡವಾಗಿ ಓಡಿ ಬರುವ ಹುಡುಗನಿಗಾಗಿ ಕಾಯುವಂತೆ ಮಾಸ್ತರರು ಸ್ವಲ್ಪ ಹೊತ್ತು ಕಾಯ್ದರು. ‘ಬಂದಿಲ್ಲ’ ಎಂದು ಮೆತ್ತಗೆ ಹೇಳಿ ಮುಂದಿನ ಹೆಸರಿಗೆ ಹೋದರು. ಬಾಬುರಾವ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಹುಡುಗರು ಮುಗಿದು ಹುಡುಗಿಯರ ಪಾಳಿ ಬಂತು. ಸುನಂದಾ ಆಯಿತು. ‘ಸುಮೇಧಾ’ ಎಂದರು. ನಾನು ಎದ್ದು ನಿಂತೆ, ಹಾಜರ್ ಎನ್ನುವುದನ್ನೇ ಮರೆತು ಅವರನ್ನು ನೋಡುತ್ತಿದ್ದೆ. ಅವರು ಕೊಟ್ಟ ಹೆಸರನ್ನು ಇಷ್ಟು ಕಾಲದ ಮೇಲೆ ಅವರ ಬಾಯಲ್ಲೇ ಕೇಳುತ್ತಿದ್ದೆ. ಪಕ್ಕದಲ್ಲಿದ್ದ ಸುರೇಖಾ ನನ್ನನ್ನು ತಿವಿದು, ನನ್ನ ಹಾಜರಿಯನ್ನು ತಾನೇ ಕೊಟ್ಟಳು.

ಊಟದ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಾನಂತೂ ಬೀದರಿಗೆ ಬಂದು ಆಸ್ಪತ್ರೆಯಲ್ಲಿ, ಓಣಿಯಲ್ಲಿ, ಎಮ್ಮೆಗೆ ಇಂಜೆಕ್ಷನ್ ಕೊಡುತ್ತ ಕೂಡ ಈ ಕತೆ ಹೇಳಿದೆ. ಉಪಾಯವಿಲ್ಲದ ಖರೇ ನೆನಪನ್ನು ಕೊನೆಗೂ ಕಣ್ಣಾರೆ ಕಂಡೆ ಎಂದು ಹೇಳಿದೆ. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು. ಹಾಜರಿಯನ್ನೇ ನೆನಪಿಟ್ಟವರಿಗೆ, ಅಜ್ಜಿಯ ಮುಂದೆ ಪೆನ್ನು ಮುಚ್ಚಿಟ್ಟದ್ದೂ ನೆನಪಿರಬೇಕು. ಅದನ್ನು ಅವರ ಬಾಯಿಂದಲೇ ಒಮ್ಮೆ ಕೇಳಬೇಕು.

ಔರಾದಿನಲ್ಲಿ ದನಗಳಿಗೆ ಲಸಿಕೆ ಹಾಕುವ ಶಿಬಿರಕ್ಕೆ ಹೋದಾಗ ಆ ಅವಕಾಶ ಸಿಕ್ಕಿತು. ಕೆಲಸ ಮುಗಿಸಿ, ಬಾಳೆಹಣ್ಣು ತೆಗೆದುಕೊಂಡು ಮಹಾದೇವಿಯ ಮನೆ ಹುಡುಕಿ ಹೋದೆ. ಮಾಸ್ತರರು ಅಂಗಳದ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕುಳಿತಿದ್ದರು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರು ಮರ್ಯಾದೆಯಿಂದ ಕೈ ಮುಗಿದು, ಯಾರು ಬೇಕಾಗಿತ್ತು ಎಂದು ಕೇಳಿದರು. ಕಣ್ಣು ಮಂಜಾಗಿರಬೇಕು ಎಂದುಕೊಂಡು, ‘ಸರ್, ನಾನು ಸುಮೇಧಾ’ ಎಂದೆ.

ಅವರ ಮುಖ ಅರಳಿತು. ‘ಸುನಂದಾ, ಸುಮೇಧಾ, ಸುರೇಖಾ’ ಎಂದರು. ಸರಿಯಾದ ಉತ್ತರ ಹೇಳಿದ ಮಗುವಿನ ಹಾಗೆ ನನ್ನ ಕಡೆ ನೋಡಿದರು. ಆಮೇಲೆ ಅದೇ ಮರ್ಯಾದೆಯಲ್ಲಿ, ‘ಚಹಾ ಕುಡೀರಿ. ಯಾವೂರ್ರಿ ನಿಮ್ದು?’ ಎಂದರು.

ಅವರಿಗೆ ನನ್ನ ಹೆಸರು ಗೊತ್ತಿತ್ತು, ಅದರ ಹಿಂದಿನ ಮುಂದಿನ ಹೆಸರುಗಳೂ ಗೊತ್ತಿದ್ದವು. ನಾನು ಗೊತ್ತಿರಲಿಲ್ಲ. ಸಭೆಯಲ್ಲಿ ಹಾಜರಿ ಕೂಗುವಾಗ ಅವರು ಯಾರ ಮುಖವನ್ನೂ ನೋಡದೆ ಎದುರಿನ ಗೋಡೆಯನ್ನೇ ನೋಡುತ್ತಿದ್ದದ್ದು ಆಗ ಹೊಳೆಯಿತು.

ಮಹಾದೇವಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಚಹಾ ಕುದಿಯುತ್ತಿರುವಾಗ ಎಲ್ಲವನ್ನೂ ಹೇಳಿದಳು. ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿ ವರ್ಷವೇ ಆಗಿತ್ತು. ಬೀದರಿನ ಡಾಕ್ಟರು ಇದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದಿದ್ದರು. ಗುರುವಂದನೆಗೆ ಬರಬೇಕೆಂದು ಬಾಬುರಾವ ಕೇಳಿದಾಗ ಅಪ್ಪ ಖುಷಿಯಿಂದ ಒಪ್ಪಿಕೊಂಡರು. ಫೋನಿಟ್ಟ ಮೇಲೆ ಮಗಳ ಮುಂದೆ ಕಣ್ಣೀರು ಹಾಕಿದರು. ನನ್ನ ಮಕ್ಕಳು ಎದುರಿಗೆ ಬಂದು ನಿಂತಾಗ ಯಾರಪ್ಪಾ ನೀನು ಎಂದು ಕೇಳಲೇನು ಎಂಬುದೇ ಅವರ ಚಿಂತೆ. ಮರುದಿನ ಬಾಬುರಾವನಿಗೆ ತಾವೇ ಫೋನು ಮಾಡಿಸಿ, ಹುಡುಗರ ಹೆಸರು ಹೇಳು ಎಂದರಂತೆ. ಅವನು ಯಾರ ಮುಂದೆಯೂ ಬಾಯಿಬಿಡದೆ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಾಲ್ಕು ನಾಲ್ಕು ಹೆಸರು ಹೇಳಿಕೊಡತೊಡಗಿದ. ಇವರು ಬೇವಿನ ಮರವನ್ನು ಸುತ್ತುತ್ತ ಅವನ್ನು ಉರುಹೊಡೆದರು. ಬೆಳಿಗ್ಗೆ ಬಂದದ್ದು ಸಂಜೆಗೆ ಹೋಗುತ್ತಿತ್ತು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು. ಧನರಾಜ ತೀರಿಹೋದದ್ದನ್ನು ಬಾಬುರಾವ ಹೇಳಿದ್ದ, ಆದರೂ ಆ ಹೆಸರು ಬಿಡಲು ಇವರು ಒಪ್ಪಲಿಲ್ಲ.

‘ಸಾಕು ಬಿಡಪ್ಪಾ, ತ್ರಾಸ ಮಾಡ್ಕೋಬ್ಯಾಡ, ಯಾರೂ ಏನೂ ಅನ್ನಂಗಿಲ್ಲ ಅಂದ್ನಿರಿ’ ಎಂದಳು ಮಹಾದೇವಿ. ‘ಅದಕ್ಕವರು, ಅವರ ಕಡಿಂದ ಮಗ್ಗಿ ಬಾಯಿಪಾಠ ಮಾಡಿಸೀನಿ, ಈಗ ನನ್ನ ಪಾಳಿ ಬಂದದ ಅಂದ್ರು.’

ನಾನು ಚಹಾದ ಕಪ್ಪು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದೆ. ಮೊದಲು ಮನಸ್ಸಿಗೆ ಪೆಟ್ಟಾಯಿತು, ಅದನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಅವರೊಳಗೆ ನನ್ನ ಹೆಸರು ಇಷ್ಟು ವರ್ಷ ಜೋಪಾನವಾಗಿತ್ತು ಎಂದು ನಾನು ಊರೆಲ್ಲ ಸಾರಿದ್ದೆ. ಅದು ಗೊಬ್ಬರದ ಅಂಗಡಿಯಿಂದ ಫೋನಿನಲ್ಲಿ ಹೋಗಿತ್ತು. ಅಜ್ಜಿ, ಮುಚ್ಚಿಟ್ಟ ಪೆನ್ನು ಯಾವುದೂ ಅವರಲ್ಲಿ ಉಳಿದಿರಲಿಲ್ಲ. ಇಲ್ಲಿಯೂ ಒಂದು ಉಪಾಯವೇ ಸಿಕ್ಕಿತಲ್ಲ ಎನಿಸಿತು.

ಆದರೆ ಕಿಟಕಿಯಿಂದ ಬೇವಿನ ಮರದ ಬುಡ ಕಾಣುತ್ತಿತ್ತು. ಸುತ್ತಿ ಸುತ್ತಿ ಅಲ್ಲೊಂದು ನುಣುಪಾದ ದಾರಿ ಬಿದ್ದಿತ್ತು. ಅದನ್ನು ನೋಡುತ್ತಿದ್ದಂತೆ ನನ್ನ ಹಳೆಯ ಅಭಿಪ್ರಾಯ ಸಡಿಲವಾಯಿತು. ಎಮ್ಮೆಯ ಬಾಗಿದ ಕೋಡು ನನ್ನ ತಲೆಯಲ್ಲಿ ತಾನಾಗಿಯೇ ಬಂದು ಕೂತಿದೆ. ಅದಕ್ಕಾಗಿ ನಾನೇನೂ ಶ್ರಮ ಪಟ್ಟಿಲ್ಲ, ಆ ಎಮ್ಮೆ ನನಗೆ ಋಣಿಯಾಗಬೇಕಾದ್ದೂ ಇಲ್ಲ. ಮಾಸ್ತರರು ನಮ್ಮನ್ನು ಕಳೆದುಕೊಂಡಿದ್ದರು. ಕಳೆದದ್ದು ಗೊತ್ತಾಗಿ, ಸುಮ್ಮನೆ ಕೂರದೆ, ಈ ವಯಸ್ಸಿನಲ್ಲಿ ಒಬ್ಬೊಬ್ಬರನ್ನೇ ಹುಡುಕಿ ಮರಳಿ ತಂದುಕೊಂಡಿದ್ದರು. ನಾವು ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋಗಬಾರದು ಎಂಬ ಇಷ್ಟಕ್ಕೇ. ನನ್ನ ಹೆಸರನ್ನು ಅವರು ಮೊದಲ ಸಲ ಕೊಟ್ಟಾಗ ಒಂದು ಪೆನ್ನಿನ ಶ್ರಮವಿತ್ತು. ಎರಡನೆಯ ಸಲ ಕೊಡುವುದಕ್ಕೆ ಎಷ್ಟು ಸುತ್ತು ನಡೆದಿದ್ದರೋ. ಖರೇ ನೆನಪು ಯಾವುದು ಎಂದು ಈಗ ಯಾರಾದರೂ ಕೇಳಿದರೆ ನಾನು ಮೊದಲಿನಷ್ಟು ಬೇಗ ಉತ್ತರ ಹೇಳಲಾರೆ.

ಸಮಾರಂಭ ಮುಗಿದರೂ ಅವರು ಹಾಜರಿ ಬಿಟ್ಟಿಲ್ಲ, ದಿನಾ ಒಪ್ಪಿಸುತ್ತಾರೆ, ಕೇಳುವವರಿದ್ದರೆ ಅವರಿಗೆ ಖುಷಿ ಎಂದು ಮಹಾದೇವಿ ಹೇಳಿದಳು. ನಾವಿಬ್ಬರೂ ಹೊರಗೆ ಬಂದು ಹೊರಸಿನ ಎದುರು ಚಾಪೆ ಹಾಕಿಕೊಂಡು ಕುಳಿತೆವು. ಮಾಸ್ತರರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಒಂದೆರಡು ಕಡೆ ತಡವರಿಸಿದರು, ಮಗಳು ಮೊದಲ ಅಕ್ಷರ ಹೇಳಿಕೊಟ್ಟಳು. ಧನರಾಜನಿಗಾಗಿ ಇಲ್ಲಿಯೂ ನಿಂತು ಕಾಯ್ದರು. ಹುಡುಗಿಯರ ಹೆಸರುಗಳು ಬಂದವು. ‘ಸುನಂದಾ’ ಎಂದರು, ‘ಸುರೇಖಾ’ ಎಂದರು.

‘ಅಪ್ಪಾ, ನಡುವ ಒಂದು ಬಿಟ್ಟಿ ನೋಡು’ ಎಂದಳು ಮಹಾದೇವಿ. ‘ಸುಮೇಧಾ.’

ಮಾಸ್ತರರು ನಿಲ್ಲಿಸಿದರು. ಹಣೆಯ ಮೇಲೆ ಕೈ ಇಟ್ಟುಕೊಂಡು ಯೋಚಿಸಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿ ಬಹಳ ಹೊತ್ತು ಮುಖ ನೋಡಿದರು.

‘ಆಕಿ ಇಲ್ಲೇ ಕುಂತಾಳಲ್ಲ. ಕರಿಯೋದು ಯಾಕ?’

ಹಾಗೆಂದು ಸುರೇಖಾಳಿಂದ ಮುಂದುವರಿಸಿದರು.

ಅದು ನೆನಪಿನ ಯಾವುದೋ ಮೂಲೆಯಿಂದ ನಿಜವಾಗಿ ಎದ್ದು ಬಂದ ಮಾತೋ, ಪಾಠದಲ್ಲಿ ತಪ್ಪಿದ್ದನ್ನು ಮಕ್ಕಳಿಗೆ ಗೊತ್ತಾಗದಂತೆ ದಾಟಿಸುವ ಹಳೆಯ ಮಾಸ್ತರರ ಜಾಣತನವೋ ನನಗೆ ತಿಳಿಯದು. ನಾನು ಕೇಳಿ ಖಾತ್ರಿ ಮಾಡಿಕೊಳ್ಳಲಿಲ್ಲ. ಬೀದರಿನ ಬಸ್ಸು ಹೋದರೆ ಹೋಗಲಿ ಎಂದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ, ಕೊನೆಯ ಹೆಸರಿನವರೆಗೂ ಕುಳಿತೆ.