ದುಃಖವಿಲ್ಲದ ಮೊಹಲ್ಲಾ

ಮರ್ಗಿಲಾನಿನ ರೇಷ್ಮೆ ಗಿರಣಿಯಲ್ಲಿ ಮಿರ್ಹಮಿದ್ ಮೇಲ್ವಿಚಾರಕನಾಗಿದ್ದಷ್ಟು ಕಾಲ ಮಗ್ಗಗಳು ಕೆಟ್ಟು ನಿಂತದ್ದುಂಟು, ನೂಲೇ ಬಾರದೆ ಹೋದದ್ದುಂಟು. ವರದಿಯಲ್ಲಿ ಮಾತ್ರ ಗುರಿ ಮೀರದ ತಿಂಗಳಿಲ್ಲ. ಗಿರಣಿ ಮುಚ್ಚಿದ ತಿಂಗಳೂ ಮೀರಿತ್ತು. ಇಂಥ ಪ್ರತಿಭೆ ಮನೆಯಲ್ಲಿ ಕೊಳೆಯಬಾರದೆಂದು ಜನ ಅವನನ್ನು ಹಿಪ್ಪುನೇರಳೆ ಮೊಹಲ್ಲಾದ ಅಕ್ಸಕಾಲನನ್ನಾಗಿ, ಎಂದರೆ ಹಿರಿಯನನ್ನಾಗಿ, ಆರಿಸಿದರು. ಅಂದಿನಿಂದ ಅವನು ಕೆಮ್ಮಿದರೂ ಮೊಹಲ್ಲಾದ ಪರವಾಗಿಯೇ ಕೆಮ್ಮುತ್ತಿದ್ದ.

ವಸಂತದಲ್ಲಿ ತಾಷ್ಕೆಂಟಿನಿಂದ ನಸೀಬಾ ಎಂಬ ಹುಡುಗಿ ಪ್ರಶ್ನಾವಳಿಗಳ ಕಟ್ಟು ಹೊತ್ತು ಬಂದಳು. ಈಚೆಗೆ ನಿದ್ದೆ ಕೆಟ್ಟಿತೇ, ಊಟ ಸೇರದಾಯಿತೇ, ಮನಸ್ಸು ಕುಗ್ಗಿತೇ? ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ; ಸೊನ್ನೆಯೆಂದರೆ ನೋವೇ ಇಲ್ಲ. ನೋವು ಹೆಚ್ಚಿರುವ ಮೊಹಲ್ಲಾಕ್ಕೆ ಮನೋವೈದ್ಯೆಯೊಬ್ಬಳು ಬಂದು ಕೂರುತ್ತಾಳಂತೆ.

"ಒಬ್ಬೊಬ್ಬರೂ ತಾವೇ ಒಂಟಿಯಾಗಿ ಕೂತು ಉತ್ತರ ಬರೀಬೇಕು, ಅಕ್ಸಕಾಲರೇ."

"ಒಂಟಿಯಾಗಿ ಯಾಕಮ್ಮ? ಯಾರ ಮನೇಲಿ ಏನು ಬೇಯ್ತಿದೆ ಅಂತ ನಂಗೆ ಗೊತ್ತಿಲ್ವಾ? ಕಟ್ಟು ಇಲ್ಲಿಡು, ನೀನು ಪಲಾವ್ ತಿನ್ನು."

ಹುಡುಗಿ ತಿಂದಳು. ಸಂಜೆಯೊಳಗೆ ಕಾಗದ ತುಂಬಿದರೆ ಅವಳಿಗೂ ಸಾಕಿತ್ತು, ವಿಜ್ಞಾನಕ್ಕೂ ಹಸಿವಾಗುತ್ತದೆ.

ಕಾಲುವೆಯಾಚೆ ಕುದ್ರತ್ ಹಿರಿಯನಾಗಿರುವ ಮೊಹಲ್ಲಾದವರಿಗಿಂತ ತನ್ನವರು ಹೆಚ್ಚು ಅಳುತ್ತಾರೆಂದು ತಾಷ್ಕೆಂಟಿಗೆ ತಿಳಿಯುವುದೇ? ಮಿರ್ಹಮಿದ್ ಸೊನ್ನೆ ಸುತ್ತುತ್ತ ಹೋದ. ಕುಡುಕನ ಹೆಂಡತಿಗೆ ಸೊನ್ನೆ. ಸೊಸೆಯಂದಿರಿಗೆಲ್ಲ ಒಟ್ಟಾಗಿ ಸೊನ್ನೆ. ತನ್ನ ಹೆಂಡತಿ ಸೋಲಿಹಾಳ ಕಾಗದ ಬಂದಾಗ ಪೆನ್ನು ತುಸು ನಿಂತಿತು. ಚಳಿಗಾಲದಲ್ಲಿ ಅವಳಿ ತಂಗಿ ತೀರಿಕೊಂಡಾಗಿನಿಂದ ಅವಳು ತಂದೂರಿನ ಮುಂದೆ ಕೂತರೆ ರೊಟ್ಟಿ ಕರಕಲಾದರೂ ಏಳುತ್ತಿರಲಿಲ್ಲ.

"ಏನೂಂದ್ರೆ, ಆ ಡಾಕ್ಟರಮ್ಮ ನಮ್ಮಲ್ಲಿಗೆ ಬರ್ತಾರಾ?" ಎಂದು ಬಾಗಿಲಲ್ಲಿ ನಿಂತು ಅವಳೇ ಕೇಳಿದಳು.

"ನಮಗ್ಯಾಕೆ? ಹುಚ್ಚರಿರೋ ಕಡೆ ಹೋಗ್ತಾಳೆ," ಎಂದು ಅವಳಿಗೂ ಸೊನ್ನೆ ಸುತ್ತಿದ.

ಮೊಹಲ್ಲಾಕ್ಕೆ ಪ್ರಶಂಸಾಪತ್ರ ಬಂತು. ಹಿಪ್ಪುನೇರಳೆಯ ನೆರಳಿಗೂ ನೆಮ್ಮದಿಗೂ ಇರುವ ನಂಟಿನ ಮೇಲೆ ಪ್ರೊಫೆಸರರೊಬ್ಬರು ಪ್ರಬಂಧವನ್ನೇ ಬರೆದರು. ವೈದ್ಯೆ ಕಾಲುವೆಯಾಚೆ ಹೋಗಿ ಕೂತಳು.

ಒಂದು ಬೆಳಿಗ್ಗೆ ಸೋಲಿಹಾ ತಲೆವಸ್ತ್ರ ಕಟ್ಟಿಕೊಂಡು ಸೇತುವೆಯತ್ತ ನಡೆದಳು. ಮಾನ ಕಾಯಲು ಮಿರ್ಹಮಿದನೂ ಹಿಂದೆ ಓಡಿದ. ಅವಳು ವೈದ್ಯೆಯ ಕೋಣೆಗೆ ಹೋದಳು, ಬಾಗಿಲು ಮುಚ್ಚಿತು. ಹೊರಗೆ ಕುದ್ರತ್ ಚಹ ಕೊಟ್ಟ, ಬಟ್ಟಲು ತುಂಬಿ ತುಳುಕುವಂತೆ. ಬೇಕಾದ ಅತಿಥಿಗೆ ಅರ್ಧ ಬಟ್ಟಲು, ಬೇಡದವನಿಗೆ ತುಂಬಿದ್ದು. ಕುಡಿ, ಎದ್ದು ಹೋಗು ಎಂದರ್ಥ.

"ದುಃಖವಿಲ್ಲದೂರಿನ ಸವಾರಿ ಈ ಕಡೆ ಬಂತೇನಣ್ಣ?"

"ಅವಳಿಗೆ ಮಂಡಿನೋವು."

"ಈ ಡಾಕ್ಟರಮ್ಮ ಮಂಡಿ ನೋಡಲ್ವಲ್ಲ."

ಒಳಗೆ ಸೋಲಿಹಾ ಅಳತೊಡಗಿದಳು. ತಂಗಿಯ ಹೆಣದ ಮುಂದೆಯೂ ಅತ್ತಿರದ ಹೆಂಗಸು. ಮಿರ್ಹಮಿದ್ ದನಿಯೇರಿಸಿ ಈ ಸಲದ ಹತ್ತಿ ಬೆಳೆಯ ಮಾತು ತೆಗೆದ. ಅಳು ಹತ್ತಿಯನ್ನೂ ಮೀರಿ ಕೇಳಿಸಿತು.

ಕುದ್ರತ್ ಮೆಲ್ಲಗೆ ಕೇಳಿದ: "ಅತ್ತಿಗೆಗೆ ನಿದ್ದೆ ಹತ್ತದೆ ಎಷ್ಟು ದಿನ ಆಯ್ತು?"

ಇಡೀ ಮೊಹಲ್ಲಾದ ಪರವಾಗಿ ಉತ್ತರ ಬರೆದಿದ್ದವನು ಬಟ್ಟಲನ್ನು ಕೆಳಗಿಟ್ಟ.

"ನಾನು ಕೇಳ್ಲೇ ಇಲ್ಲ."

ಕುದ್ರತ್ ಅವನ ಬಟ್ಟಲು ತೆಗೆದು ಚಹವನ್ನು ನೆಲಕ್ಕೆ ಚೆಲ್ಲಿ, ಮತ್ತೆ ಅರ್ಧ ಸುರಿದು ಕೊಟ್ಟ.