ತನ್ನ ತಪ್ಪು ತಾನೇ ಬರೆದವನು

ವಿಡ್ಬಿ ದ್ವೀಪದ ನೌಕಾಪಡೆ ನೆಲೆಯ ಆ ಯುದ್ಧವಿಮಾನಕ್ಕೆ ನಾಲ್ಕು ಸೀಟು. ಮುಂದೆ ಕೂತು ಹಾರಿಸುವ ಕೀತ್ ಸೊರೆಲ್‌ಗೆ ಆಕಾಶವೇ ಮಾವನ ಮನೆ ಎಂಬ ಗತ್ತು. ಹಿಂದಿನ ಸೀಟಿನ ಡೇಲ್ ಹೋಕನ್ಸನ್‌ಗೆ ಕಾಣುತ್ತಿದ್ದುದು ಹಸಿರು ಪರದೆ ಮಾತ್ರ. ಶತ್ರುವಿನ ರೇಡಾರ್ ಮೇಲೆ ರೇಡಿಯೋ ಅಲೆಗಳ ಗದ್ದಲ ಸುರಿದು ಅದನ್ನು ಕುರುಡಾಗಿಸುವುದು ಅವನ ಉದ್ಯೋಗ. ಕೆಲಸ ಕೆಟ್ಟರೆ ಕ್ಷಿಪಣಿ ಬರುತ್ತದೆ. ಚೆನ್ನಾಗಿ ಆದರೆ ಏನೂ ಬರುವುದಿಲ್ಲ, ಹೊಗಳಿಕೆ ಕೂಡ.

"ಇವತ್ತೇನಾಯ್ತು?" ಎಂದು ಮನೆಗೆ ಬಂದ ಡೇಲ್‌ನನ್ನು ಹೆಂಡತಿ ಮಾರ್ನಿ ಕೇಳುವಳು.

"ಏನೂ ಆಗ್ಲಿಲ್ಲ ಕಣೆ."

"ಹಾಗಾದ್ರೆ ಭಾರೀ ಕೆಲ್ಸ ಮಾಡಿದೀಯ ಬಿಡು. ಬಾ, ಸೂಪ್ ಆರ್ತಿದೆ."

ಡೇಲ್ ಕೆಲಸಕ್ಕೆ ಸೇರಿದ ದಿನವೇ ಒಂದು ಡಬ್ಬಿ ಉಪ್ಪಿನಕಾಯಿ ಖಾಲಿ ಮಾಡಿದ್ದಕ್ಕೆ ಕೀತ್ ಅವನಿಗೆ 'ಪಿಕಲ್' ಎಂದು ಹೆಸರಿಟ್ಟಿದ್ದ. ಎರಡು ಯುದ್ಧಗಳಿಂದ ಕೀತ್ ಜೀವಂತ ಮರಳಿದ್ದು ಈ ಪಿಕಲ್‌ನ ಗದ್ದಲದ ಮರೆಯಲ್ಲೇ. ಆ ವರ್ಷ ಅವರ ವಿಮಾನ ತುಕಡಿಯ ಮುಖ್ಯಸ್ಥನ ಹುದ್ದೆ ಇಬ್ಬರಲ್ಲಿ ಒಬ್ಬರಿಗೆ ಸಿಗುವುದಿತ್ತು.

ಆಗಲೇ ಒಂದು ಅಭ್ಯಾಸದ ಹಾರಾಟ, ಉಳಿದೆರಡು ಸೀಟಿನಲ್ಲಿ ಇಬ್ಬರು ಹೊಸಬರು. ಹಿಂತಿರುಗುವಾಗ ಡೇಲ್ ಗದ್ದಲದ ಯಂತ್ರ ಆರಿಸಲು ಕೈ ಚಾಚಿದ.

"ಇರಲಿ ಬಿಡೋ ಪಿಕಲ್! ಹೊಸಬರು ನಿನ್ನ ಪ್ರತಾಪ ನೋಡ್ಲಿ," ಎಂದ ಕೀತ್. ಡೇಲ್ ಕೈ ಹಿಂದೆಗೆದ.

ಪ್ರತಾಪಕ್ಕೆ ತಮ್ಮದೇ ನೆಲೆಯ ರೇಡಾರ್ ಕುರುಡಾಯಿತು. ಇಳಿಯಬೇಕಿದ್ದ ವಿಮಾನಗಳು ಇಂಧನ ತಳ ಮುಟ್ಟುವವರೆಗೆ ಗಿರಕಿ ಹೊಡೆದವು.

ಇಳಿದ ಮೇಲೆ ಅಲ್ಲೊಂದು ಪದ್ಧತಿ. ಹುದ್ದೆಯನ್ನು ಬಾಗಿಲಾಚೆ ಬಿಟ್ಟು ಹಾರಾಟ ವಿಮರ್ಶಿಸುವ ಕೋಣೆಯೊಳಗೆ ಹೋಗಬೇಕು, ಪ್ರತಿಯೊಬ್ಬನೂ ತನ್ನ ತಪ್ಪನ್ನು ತಾನೇ ಬೋರ್ಡಿನ ಮೇಲೆ ಬರೆಯಬೇಕು. ಇನ್ನೊಬ್ಬರ ತಪ್ಪು ಎತ್ತುವಂತಿಲ್ಲ. ಡೇಲ್ ಬರೆದ: 'ಯಂತ್ರ ಆರಿಸಲಿಲ್ಲ. ತಪ್ಪು ನನ್ನದು.' 'ಆರಿಸಬೇಡ ಎಂದವನು ನಾನು' ಎಂಬ ಸಾಲು ಕೆಳಗೆ ಬರುತ್ತದೆಂದು ಕಾದ. ಕೀತ್ ಗಂಭೀರವಾಗಿ ಬರೆದ: 'ರೇಡಿಯೋದಲ್ಲಿ ಕೊಂಚ ಜೋರಾಗಿ ಮಾತಾಡಿದೆ.' ಪೆನ್ನಿನ ಮುಚ್ಚಳ ಹಾಕಿದ. ಎಲ್ಲ ಕೇಳಿಸಿಕೊಂಡಿದ್ದ ಹೊಸಬರಿಬ್ಬರೂ ಪದ್ಧತಿಗೆ ತಲೆಬಾಗಿ ತಮ್ಮ ತಮ್ಮ ಬೂಟು ನೋಡಿಕೊಂಡರು.

ಹುದ್ದೆ ಕೀತ್‌ಗೆ ಸಿಕ್ಕಿತು. ಡೇಲ್‌ಗೆ ದೂರದ ಕಚೇರಿಯಲ್ಲಿ ಒಂದು ಮೇಜು.

ಕೊನೆಯ ಹಾರಾಟ ಮುಗಿಸಿ ಬಂದವನಿಗೆ ಪೈಪಿನಿಂದ ನೀರು ಹೊಡೆಯುವುದು ಅಲ್ಲಿನ ಗೌರವ. ಡೇಲ್‌ನ ಸರದಿಗೆ ಪೈಪ್ ಹಿಡಿದು ನಿಂತವನು ಮುಖ್ಯಸ್ಥ ಕೀತ್.

"ಆರಿಸ್ಬೇಡ ಅಂದಿದ್ದು ನೀನಲ್ವೇನೋ?" ಡೇಲ್ ಮೆಲ್ಲಗೆ ಕೇಳಿದ.

"ಏನ್ಮಾಡ್ಲಿ ಮಾರಾಯ, ಮೇಲಿನೋರು ವಿಚಾರಿಸಿದ್ರು. ನೀನೇ ಕೈಯಾರೆ ಬರ್ದಿದ್ದೆಯಲ್ಲ! ಗೆಳೆಯನ ಮಾತು ಸುಳ್ಳು ಅನ್ನಕ್ಕಾಗುತ್ತಾ?" ಎಂದವನೇ ನೀರು ಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬೇಲಿಯ ಬಳಿ ಟವೆಲ್ ಹಿಡಿದು ನಿಂತಿದ್ದಳು ಮಾರ್ನಿ. ತೊಟ್ಟಿಕ್ಕುತ್ತಾ ಬಂದವನ ಮುಖ ನೋಡಿ, "ಏನಾಯ್ತೋ?" ಎಂದಳು.

'ಏನೂ ಆಗ್ಲಿಲ್ಲ' ಎಂಬ ಹಳೆಯ ಉತ್ತರ ನಾಲಿಗೆಯ ತುದಿವರೆಗೆ ಬಂದು ನಿಂತಿತು.

"ಮೊದ್ಲು ಟವೆಲ್ ಕೊಡು," ಎಂದ.