ಒಂದು ಸಾಲು ಕೆಳಗೆ

ಇದನ್ನು ಹೇಳಬೇಕೆಂದುಕೊಂಡು ವರ್ಷಗಳೇ ಆದವು. ನಾಳೆ, ನಾಡಿದ್ದು ಎಂದು ತಳ್ಳುತ್ತಲೇ ಬಂದೆ. ಮೊನ್ನೆ ಮೊಮ್ಮಗಳು ಪಕ್ಕದಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ಎದ್ದು ಹೊರಗೆ ಹೋದೆ. ಫಾರಂ ಅಚ್ಚು ಹಾಕಲು ಟೈಪ್ ಮಾಡುತ್ತಿದ್ದ ಸ್ಟೆನ್ಸಿಲ್ ಹಾಳೆಯ ತಪ್ಪು ಮುಚ್ಚಲು ಹಚ್ಚುತ್ತಿದ್ದ ಕೆಂಪು ದ್ರವಕ್ಕೂ ಇದೇ ವಾಸನೆ...

ಎಪ್ಪತ್ತರ ದಶಕದಲ್ಲಿ ನಾನು ದುರ್ಗದ ಒಂದು ಪಶುವೈದ್ಯ ಕಚೇರಿಯಲ್ಲಿ ಗುಮಾಸ್ತ. ಕುರಿಗಳ ರೋಗದ ವರದಿ ವಾರವಾರ ಹಳ್ಳಿಗಳಿಂದ ಬರುತ್ತಿತ್ತು. ಅದನ್ನು ನೋಡಿ ಯಾವ ಊರಿಗೆ ಔಷಧಿ ಹೋಗಬೇಕೆಂದು ಪಟ್ಟಿ ಮಾಡಬೇಕು. ಫಾರಂನಲ್ಲಿ ಇಪ್ಪತ್ತು ಸಾಲು, ನಮಗೆ ಬೇಕಾದದ್ದು ಕೆಲವೇ. ನಮ್ಮ ಟೈಪಿಸ್ಟ್ ಅಕ್ಕ ಒಂದು ರಟ್ಟಿನಲ್ಲಿ ಕಿಂಡಿ ಕೊರೆದಿದ್ದರು. ಫಾರಂ ಮೇಲೆ ಇಟ್ಟರೆ ಬೇಕಾದ ಅಂಕಿಗಳಷ್ಟೇ ಕಾಣುತ್ತಿದ್ದವು. ದಿನವಿಡೀ ಹಿಡಿಯುತ್ತಿದ್ದ ಕೆಲಸ ಗಂಟೆಯಲ್ಲಿ ಮುಗಿಯತೊಡಗಿತು. ರಟ್ಟಿನ ಹಿಂದೆ ಅವರೇ ಬರೆದಿದ್ದರು: 'ಬೇಕಾದವರು ನೋಡಿ ಕೊರೆದುಕೊಳ್ಳಿ. ತಪ್ಪು ಕಂಡರೆ ತಿದ್ದಿ, ನನಗೂ ತಿಳಿಸಿ.' ಹೊಸದುರ್ಗ, ಹಿರಿಯೂರಿನ ಕಚೇರಿಯವರೂ ಕೊರೆದುಕೊಂಡರು. ಕಿಂಡಿಯ ಮೂಲೆ ಹರಿಯುತ್ತದೆ, ಗುಂಡಗೆ ಕತ್ತರಿಸಿ ಎಂದು ಹೊಳಲ್ಕೆರೆಯಿಂದ ಯಾರೋ ಕಾರ್ಡು ಬರೆದಾಗ ಅಕ್ಕ ಅದನ್ನು ಎಲ್ಲರಿಗೂ ತೋರಿಸಿ ಖುಷಿಪಟ್ಟಿದ್ದರು.

ಆಮೇಲೆ ಹೊಸ ಸಾಹೇಬರು ಬಂದರು. ಫಾರಂನ ತಲೆಬರಹದ ಕೆಳಗೆ ತಮ್ಮ ಹೆಸರು, ಡಿಗ್ರಿಗಳು ಅಚ್ಚಾಗಬೇಕೆಂದರು. ಅಕ್ಕ ರಜೆಯಲ್ಲಿದ್ದರು. ಸಾಹೇಬರ ಕಣ್ಣಿಗೆ ಬೀಳುವ ಆಸೆಗೆ ನಾನೇ ಹೊಸ ಸ್ಟೆನ್ಸಿಲ್ ಟೈಪ್ ಮಾಡಿದೆ, ಕೆಂಪು ದ್ರವ ಮೆತ್ತಿ ಮೆತ್ತಿ.

ಕೆಲವು ವಾರಕ್ಕೆ ಹಿರೇಗುಂಟನೂರಿನ ಕುರಿಗಾರರೊಬ್ಬರು ಕಂಬಳಿ ಹೊದ್ದು ಕಚೇರಿಗೆ ಬಂದು ನಿಂತರು. ಅರ್ಧ ಮಂದೆ ಸತ್ತಿತ್ತು. ಔಷಧಿ ಮಾತ್ರ, ರೋಗ ಆಗಲೇ ಇಳಿದಿದ್ದ ಆದಿವಾಲಕ್ಕೆ ಹೋಗಿತ್ತು. "ಬರೆದು ಕೊಟ್ಟಿದ್ವಲ್ರೀ. ನಮ್ಮ ಕುರಿ ನಿಮ್ಮ ಕಣ್ಣಿಗೆ ಬೀಳಲಿಲ್ವೇನ್ರಿ?" ಎಂದರು.

ರಜೆ ಮುಗಿಸಿ ಬಂದಿದ್ದ ಅಕ್ಕ ಅಷ್ಟೂ ಫಾರಂಗಳನ್ನು ತಾರೀಖಿನ ಪ್ರಕಾರ ನೆಲದ ಮೇಲೆ ಜೋಡಿಸಿದರು. ನಡುವಿನದೊಂದನ್ನು ಎತ್ತಿ ರಟ್ಟಿಟ್ಟು ನೋಡಿದರು, ಸರಿ ಇತ್ತು. ಹಾಗಾದರೆ ತಪ್ಪು ಈಚೆಗಿನದರಲ್ಲಿ. ಅದರ ನಡುವಿನದು, ಮತ್ತೆ ಅದರ ನಡುವಿನದು... ಕೊನೆಗೆ ಎರಡೇ ಹಾಳೆ ಉಳಿದವು. ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಹೊಸದರಲ್ಲಿ ಎಲ್ಲವೂ ಒಂದು ಸಾಲು ಕೆಳಗಿತ್ತು. ಈ ವಾರದ ರೋಗದ ಕುರಿ ಕಾಣಬೇಕಾದ ಕಿಂಡಿಯಲ್ಲಿ ಅದರ ಮೇಲಿನ ಸಾಲು, ಕಳೆದ ವಾರದ್ದು, ಕಾಣುತ್ತಿತ್ತು. ಆ ಸಾಲು ತಳ್ಳಿದ್ದು ಸಾಹೇಬರ ಡಿಗ್ರಿಗಳು. ತಳ್ಳಿದ ಕೈ ನನ್ನದು.

ಅಕ್ಕ ಎರಡೂ ಹಾಳೆ ಹಿಡಿದು ಸಾಹೇಬರ ಮುಂದೆ ನಿಂತರು. ಆತ ಅವುಗಳತ್ತ ಕಣ್ಣೆತ್ತಲಿಲ್ಲ. ರಟ್ಟಿಗೆ ತೂತು ಕೊರೆದು ಸರ್ಕಾರಿ ಕೆಲಸ ಮಾಡ್ತೀಯೇನಮ್ಮ ಎಂದು ಎಲ್ಲರೆದುರು ಗದರಿದ. ಮೂರು ಡಿಗ್ರಿಯ ಮನುಷ್ಯನಿಗೆ ಎರಡು ಹಾಳೆ ನೋಡುವ ಮರ್ಯಾದೆ ಇರಲಿಲ್ಲ. ಈಗಲೂ ಮೈ ಉರಿಯುತ್ತದೆ. ಅಕ್ಕ ನನ್ನ ಕಡೆ ತಿರುಗಿದರು.

"ನೀನಾದ್ರೂ ಹೇಳಪ್ಪ. ಫಾರಂನಲ್ಲಿ ಸಾಲು ಕೆಳಕ್ಕೆ ಹೋಗೈತೆ ಹೌದೋ ಅಲ್ಲೋ?"

"ಆ ಹಳೇದು ಕೆಟ್ಟ ಪ್ರತಿ ಸರ್," ಎಂದೆ ನಾನು, ಸಾಹೇಬರಿಗೆ. "ಸಾಲು ಮೊದಲಿಂದ್ಲೂ ಇಲ್ಲೇ ಐತೆ."

ಅಕ್ಕ ಎರಡೂ ಹಾಳೆ ಮಡಚಿಕೊಂಡು ಹೊರಬಂದರು. ನೆಲದ ಮೇಲಿನ ಹಾಳೆಗಳನ್ನು ಒಬ್ಬರೇ ಕೂತು ಆರಿಸಿಕೊಂಡರು. ಅವರಿಗೆ ವರ್ಗವಾಯಿತು. ಪುಕ್ಕಟೆ ಕೊರೆದುಕೊಂಡಿದ್ದ ಕಚೇರಿಗಳವರು, ಆ ರಟ್ಟಿನ ಮೇಲೆ ನಮಗೆ ಮೊದಲೇ ಅನುಮಾನವಿತ್ತು ಎಂದರು. ನಾಲಿಗೆಗೆ ನಾಚಿಕೆಯಿಲ್ಲ! ಅವರನ್ನು ಬೈಯಲು ನನಗೇನು ಯೋಗ್ಯತೆ... ಸಾಹೇಬ ನೋಡಲಿಲ್ಲ, ಅವರು ಹೆದರಿದರು. ನಾನು ಮಾತ್ರ ಗೊತ್ತಿದ್ದೂ ಸುಳ್ಳು ಹೇಳಿದೆ.

ಹೋಗುವ ಮುನ್ನ ಅಕ್ಕ ನನ್ನ ಮೇಜಿನ ಮೇಲೆ ಹೊಸ ರಟ್ಟೊಂದನ್ನು ಇಟ್ಟಿದ್ದರು. ಕಿಂಡಿಗಳು ಒಂದು ಸಾಲು ಕೆಳಗೆ. ಮೂಲೆಗಳು ಗುಂಡಗೆ. ಅದನ್ನೇ ಕದ್ದುಮುಚ್ಚಿ ಬಳಸಿ ನಾನು ಚುರುಕಿನ ಗುಮಾಸ್ತ ಎನಿಸಿಕೊಂಡೆ. ಅವರು ಹಿರಿಯೂರಿನಲ್ಲಿದ್ದಾರೆಂದು ಗೊತ್ತಿತ್ತು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೋಗಲಿಲ್ಲ. ಹೋದ ವರ್ಷ ತೀರಿಕೊಂಡರೆಂದು ಯಾರೋ ಹೇಳಿದರು.

ರಟ್ಟು ಈಗ ನನ್ನ ಮುಂದಿದೆ. ಹಿಂದುಗಡೆ ಅದೇ ಅಕ್ಷರ: 'ತಪ್ಪು ಕಂಡರೆ ತಿದ್ದಿ, ನನಗೂ ತಿಳಿಸಿ.' ನನ್ನ ತಪ್ಪು ನನಗೆ ಅವತ್ತೇ ಕಂಡಿತ್ತು. ನಿಮಗೆ ತಿಳಿಸಲಿಲ್ಲ, ಟೈಪಿಸ್ಟ್ ಅಕ್ಕ.